ಅಂಗಳದ ಕಸ, ಕಳೆನಾಶಕ ಮತ್ತು ಆರೋಗ್ಯ

ಪ್ರಶ್ನೆ: ರಬಕವಿಯ ಮನೆಯೊಂದರ ಮುಂದಿನ ಹುಲ್ಲುಹಾಸಿನಲ್ಲಿ ಜೇಕು ಮತ್ತು ಕಾಂಗ್ರೆಸ್ ಕಸ ಹಬ್ಬಿವೆ. ಮಕ್ಕಳು ಅಲ್ಲಿಯೇ ಆಡುತ್ತಾರೆ. ವಿನೆಗರ್, ಉಪ್ಪಿನಂಥ ನೈಸರ್ಗಿಕ ಉಪಾಯ ಸುರಕ್ಷಿತವೇ? ಕಬ್ಬಿಗೆ ತಂದು ಉಳಿದಿರುವ ಕಳೆನಾಶಕವನ್ನೇ ಸಿಂಪಡಿಸಬಹುದೇ?

ಉತ್ತರ: ನೈಸರ್ಗಿಕವಾದದ್ದೆಲ್ಲ ನಿರಪಾಯಕಾರಿಯಲ್ಲ ಎಂಬುದಕ್ಕೆ ಕಾಂಗ್ರೆಸ್ ಕಸವೇ ಸಾಕ್ಷಿ. 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಅನಂತರ ದೇಶದಾದ್ಯಂತ ಹಬ್ಬಿದ ಈ ಸಸ್ಯದ ಶಾಸ್ತ್ರೀಯ ಹೆಸರು ಪಾರ್ಥೇನಿಯಂ. ಇದರ ಸೂಕ್ಷ್ಮ ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ದ್ರವ್ಯವು ಚರ್ಮಕ್ಕೆ ಮತ್ತೆ ಮತ್ತೆ ತಾಗಿದಾಗ, ದೇಹದ ರಕ್ಷಣಾ ವ್ಯವಸ್ಥೆಯು ಅದನ್ನು ಗುರುತಿಟ್ಟುಕೊಂಡು, ಮುಂದಿನ ಪ್ರತಿ ಸ್ಪರ್ಶಕ್ಕೂ ಉರಿಯೂತದಿಂದ ಪ್ರತಿಕ್ರಿಯಿಸುತ್ತದೆ. ಸಂಪರ್ಕಜನ್ಯ ಚರ್ಮರೋಗ ಎನ್ನುವುದು ಇದನ್ನೇ. ಕಣ್ಣಿನ ರೆಪ್ಪೆ, ಕುತ್ತಿಗೆ ಮತ್ತು ಮೊಣಕೈ ಮಡಿಕೆಗಳಲ್ಲಿ ತುರಿಕೆ ಎದ್ದು, ಕಾಲಕ್ರಮೇಣ ಚರ್ಮ ದಪ್ಪಗಾಗಿ ಒರಟಾಗುತ್ತದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದರೂ ರೋಗ ಉಲ್ಬಣಿಸಬಹುದು, ಪರಾಗವು ಕೆಲವರಲ್ಲಿ ಶೀತ ಮತ್ತು ಉಬ್ಬಸವನ್ನು ಕೆರಳಿಸುತ್ತದೆ. ಆದ್ದರಿಂದ ಈ ಕಸವನ್ನು ಹಾಗೆಯೇ ಬಿಡುವುದೂ ಆರೋಗ್ಯಕ್ಕೆ ಹಿತವಲ್ಲ.

ಅಡುಗೆಮನೆಯ ವಿನೆಗರ್‌ನಲ್ಲಿ ಸುಮಾರು ಶೇ. 5ರಷ್ಟು ಅಸಿಟಿಕ್ ಆಮ್ಲವಿದ್ದು, ಅದು ಎಳೆಯ ಎಲೆಗಳನ್ನು ಸುಡುತ್ತದೆಯೇ ಹೊರತು ಜೇಕಿನ ಗಡ್ಡೆಯನ್ನು ಮುಟ್ಟುವುದಿಲ್ಲ. ಜೊತೆಗೆ, ತಾಗಿದಲ್ಲೆಲ್ಲ ಹುಲ್ಲನ್ನೂ ಸುಡುತ್ತದೆ. ಶೇ. 20ರಷ್ಟು ತೀಕ್ಷ್ಣವಾದ ಆಮ್ಲವು ಕಣ್ಣಿಗೆ ಸಿಡಿದರೆ ಶಾಶ್ವತ ಹಾನಿಯಾಗಬಹುದು. ಉಪ್ಪಿನ ಉಪಾಯವಂತೂ ಕೃಷ್ಣಾ ದಂಡೆಯ ಕಪ್ಪು ಮಣ್ಣಿಗೆ ಸಲ್ಲದು, ಏಕೆಂದರೆ ನೀರಾವರಿಯಿಂದ ಸವಳು-ಜವಳಾಗುವ ಭೂಮಿಯಲ್ಲಿ ಉಪ್ಪು ಸುಲಭವಾಗಿ ಕೆಳಗಿಳಿಯದೆ ಉಳಿದು, ಮುಂದೆ ಅಲ್ಲಿ ಏನನ್ನೂ ಬೆಳೆಯಗೊಡುವುದಿಲ್ಲ.

ಕಬ್ಬಿಗೆ ಬಳಸುವ 2,4-ಡಿ ಎಂಬ ಕಳೆನಾಶಕವು ಸಸ್ಯದ ಬೆಳವಣಿಗೆಯ ಹಾರ್ಮೋನನ್ನು ಅನುಕರಿಸಿ, ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ ಮತ್ತು ಹುಲ್ಲನ್ನು ಬಹುಮಟ್ಟಿಗೆ ಉಳಿಸುತ್ತದೆ. ಗ್ಲೈಫೊಸೇಟ್ ಎಂಬ ಇನ್ನೊಂದು ಕಳೆನಾಶಕ ಹಾಗಲ್ಲ, ಅದು ಹುಲ್ಲುಹಾಸನ್ನೂ ಸಾಯಿಸುತ್ತದೆ. ಎರಡನ್ನೂ ಹೊಲದ ಅಳತೆಯಲ್ಲಿ ಬೆರೆಸಿ ಮಕ್ಕಳು ಬರಿಗಾಲಲ್ಲಿ ಓಡಾಡುವ ಅಂಗಳಕ್ಕೆ ಹೊಡೆಯುವುದು ಅನಗತ್ಯ ಅಪಾಯ. ಇಂಥ ಸಣ್ಣ ಜಾಗಕ್ಕೆ, ಮಳೆ ಬಿದ್ದು ನೆಲ ಹದವಾದಾಗ, ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು, ತೋಳು ಮುಚ್ಚಿಕೊಂಡು ಕುರ್ಪಿಯಿಂದ ಬೇರುಸಹಿತ ಕೀಳುವುದೇ ಸರಿಯಾದ ಮಾರ್ಗ; ಜೇಕಿನ ಗಡ್ಡೆಗಳನ್ನು ಹಲವು ಬಾರಿ ಅಗೆದು ತೆಗೆಯಬೇಕಾಗುತ್ತದೆ, ಅದಕ್ಕೆ ಸುಲಭದ ದಾರಿಯಿಲ್ಲ. ಆದರೆ ಈಗಾಗಲೇ ತುರಿಕೆ ಅಥವಾ ಉಬ್ಬಸವಿರುವವರು ಕಾಂಗ್ರೆಸ್ ಕಸ ಕೀಳುವ ಕೆಲಸಕ್ಕೆ ಇಳಿಯಲೇಬಾರದು. ಎಲೆಯ ಮೇಲೆ ಕಪ್ಪು ಗೆರೆಗಳ ಸಣ್ಣ ದುಂಬಿ ಕಂಡರೆ ಅದನ್ನು ಕೊಲ್ಲದಿರುವುದು ಒಳಿತು: ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಝೈಗೋಗ್ರಾಮ ದುಂಬಿಯ ಆಹಾರವೇ ಪಾರ್ಥೇನಿಯಂ.

ಪ್ರಶ್ನೆ: ಗ್ಲೈಫೊಸೇಟ್‌ನಿಂದ ಕ್ಯಾನ್ಸರ್ ಬರುತ್ತದೆಯೇ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಇದನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಹಾಗೆ ಆಗುವ ಸಂಭವವಿಲ್ಲ ಎಂದಿತು. ಮೊದಲನೆಯದು ವಸ್ತುವಿನಲ್ಲಿ ಅಪಾಯದ ಗುಣವಿದೆಯೇ ಎಂದು ನೋಡಿದರೆ, ಎರಡನೆಯದು ವಾಡಿಕೆಯ ಬಳಕೆಯಲ್ಲಿ ದೇಹ ಸೇರುವ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವರ್ಷಗಟ್ಟಲೆ ಬೆನ್ನಿಗೆ ಪಂಪು ಹೊತ್ತು ಸಿಂಪಡಿಸುವ ಕೂಲಿಕಾರರ ಬಗ್ಗೆಯೇ ಹೆಚ್ಚು ಕಾಳಜಿ ಬೇಕು. ಕೀಟನಿಯಂತ್ರಣದ ಪರಿಣತರ ಮೂಲಕ ಮಾತ್ರ ಇದನ್ನು ಬಳಸಬೇಕೆಂದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು.

ಪ್ರಶ್ನೆ: ಉಳಿದ ಔಷಧವನ್ನು ನೀರಿನ ಬಾಟಲಿಯಲ್ಲಿ ಇಡುವುದುಂಟು. ಮಗು ಕುಡಿದರೆ ಏನು ಮಾಡಬೇಕು?

ಉತ್ತರ: ಕುಡಿಯುವ ನೀರಿನ ಬಾಟಲಿಗೆ ಕಳೆನಾಶಕವನ್ನು ಯಾವ ಕಾರಣಕ್ಕೂ ಸುರಿಯಕೂಡದು. ಇವುಗಳಲ್ಲಿ ಪ್ಯಾರಾಕ್ವಾಟ್ ಅತ್ಯಂತ ಭೀಕರವಾದುದು: ಒಂದು ಗುಟುಕು ಸಾಕು, ಬಾಯಿ ಗಂಟಲು ಸುಟ್ಟು, ಮೂತ್ರಪಿಂಡ ಸೋತು, ಕೆಲವು ದಿನ ಅಥವಾ ವಾರಗಳಲ್ಲಿ ಶ್ವಾಸಕೋಶ ನಾರುಗಟ್ಟುತ್ತದೆ, ಮತ್ತು ಇದಕ್ಕೆ ಪ್ರತಿವಿಷವೇ ಇಲ್ಲ. ಕೇರಳವು 2011ರಲ್ಲಿ ಇದನ್ನು ನಿಷೇಧಿಸಿತು. ಮಗು ಯಾವ ಕಳೆನಾಶಕವನ್ನು ಕುಡಿದಿದ್ದರೂ ವಾಂತಿ ಮಾಡಿಸಬಾರದು, ಉಪ್ಪುನೀರು ಕುಡಿಸಬಾರದು. ತೊಯ್ದ ಬಟ್ಟೆ ತೆಗೆದು, ಮೈಯನ್ನು ಸಾಬೂನು ನೀರಿನಿಂದ ತೊಳೆದು, 108ಕ್ಕೆ ಕರೆ ಮಾಡಿ, ಮಗು ಚೆನ್ನಾಗಿಯೇ ಕಂಡರೂ ತಡಮಾಡದೆ, ಔಷಧದ ಮೂಲ ಡಬ್ಬಿಯನ್ನು ಚೀಟಿಸಮೇತ ಹಿಡಿದುಕೊಂಡು ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಚಿಕಿತ್ಸೆಯ ದಾರಿಯು ಆ ಚೀಟಿಯ ಮೇಲಿನ ಹೆಸರನ್ನೇ ಅವಲಂಬಿಸಿದೆ.