ಚೆಂಡಿನ ಜಾತ್ರೆ ಕಟ್ಟಿದ ಕೈಗಳು



ಊರ ಜಾತ್ರೆ ನಾವೆಲ್ಲ ನೋಡಿದ್ದೇವೆ. ತೇರು ಎಳೆಯೋದು ಒಂದೇ ದಿನ. ಆದರೆ ಅದರ ಹಿಂದಿನ ಕೆಲಸ ಎಷ್ಟು ದಿನದ್ದು! ಹಿರಿಯರು ಕೂತು ದಿನ ಗೊತ್ತು ಮಾಡಬೇಕು. ವಂತಿಗೆ ಎತ್ತಬೇಕು. ತೇರಿನ ಗಾಲಿ ನೋಡಬೇಕು. ಬಂದ ನೆಂಟರಿಗೆ ನೀರು, ಊಟ, ಮಲಗಲು ಜಾಗ ಬೇಕು.

ಇಡೀ ಲೋಕವೇ ನೋಡುವ ಒಂದು ಜಾತ್ರೆ ಇದೆ. ಅದು ಗಂಡಸರ ಫುಟ್‌ಬಾಲ್ ವಿಶ್ವಕಪ್. 4 ವರ್ಷಕ್ಕೊಮ್ಮೆ ನಡೀತದೆ. "ಗಂಡಸರ ಆಟ, ನಮಗ್ಯಾಕೆ?" ಅಂತೀರಾ? ಕೊನೇವರೆಗೆ ಓದಿ. ಆಮೇಲೆ ಹೇಳಿ.

ಜಾಗ ಗೊತ್ತಾಯ್ತು

ವಿಶ್ವಕಪ್ ನಡೆಸುವ ಸಂಸ್ಥೆಯ ಹೆಸರು ಫಿಫಾ. ಇದು 1904ರಲ್ಲಿ ಹುಟ್ಟಿತು. 2022ರ ಆಟ ಎಲ್ಲಿ ನಡೀಬೇಕು? 2010ರ ಡಿಸೆಂಬರ್ 2ರಂದು ಫಿಫಾದವರು ಮತ ಹಾಕಿ ತೀರ್ಮಾನಿಸಿದರು. ಕತಾರ್ ದೇಶ ಗೆದ್ದಿತು.

ಕತಾರ್ ಕೊಲ್ಲಿಯ ಸಣ್ಣ ದೇಶ. ನಮ್ಮ ಕರ್ನಾಟಕದೊಳಗೆ ಅಂಥ 16 ದೇಶ ಹಿಡಿಸುತ್ತವೆ. ಅಲ್ಲಿ ಮರಳುಗಾಡು, ಸುಡು ಬಿಸಿಲು. ವಿಶ್ವಕಪ್ ಸಾಮಾನ್ಯವಾಗಿ ಜೂನ್, ಜುಲೈ ತಿಂಗಳಲ್ಲಿ ನಡೀತದೆ. ಆ ಬಿಸಿಲಲ್ಲಿ ಆಡೋದು ಹೇಗೆ? ಅದಕ್ಕೇ ಆಟವನ್ನು ಚಳಿಗಾಲಕ್ಕೆ ಹಾಕಿದರು. 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ಆಟ ನಡೆಯಿತು.

ಲೆಕ್ಕ ಹಾಕೋಣ

ಬಂದ ತಂಡ 32. ನಾಲ್ಕು ನಾಲ್ಕು ತಂಡ ಸೇರಿಸಿ 8 ಗುಂಪು ಮಾಡಿದರು. ಗುಂಪಿನಲ್ಲಿ ಪ್ರತಿ ತಂಡ ಉಳಿದ ಮೂರರ ಜೊತೆ ಆಡಬೇಕು. ಒಂದು ಗುಂಪಿಗೆ 6 ಆಟ. 8 ಗುಂಪಿಗೆ 48 ಆಟ. ಪ್ರತಿ ಗುಂಪಿನಿಂದ 2 ತಂಡ ಮುಂದೆ ಹೋದವು. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ. ಹೀಗೆ ಇನ್ನೂ 16 ಆಟ. ಒಟ್ಟು 64.

ಇದಕ್ಕೆ 8 ಕ್ರೀಡಾಂಗಣ ಬೇಕಾದವು. 7 ಹೊಸದಾಗಿ ಕಟ್ಟಿದರು. ಒಂದು ಹಳೆಯದನ್ನು ರಿಪೇರಿ ಮಾಡಿದರು. ಒಂದು ಕ್ರೀಡಾಂಗಣಕ್ಕೆ ಹಡಗಿನ 974 ಕಬ್ಬಿಣದ ಪೆಟ್ಟಿಗೆ ಬಳಸಿದರು. ರಸ್ತೆ, ಹೋಟೆಲ್, ಮೆಟ್ರೋ ರೈಲು ಎಲ್ಲವೂ ಎದ್ದವು.

ಕಟ್ಟಿದವರು ಯಾರು?

ಹೊರ ದೇಶದ ಕೂಲಿಗಳು. ಭಾರತ, ನೇಪಾಳ, ಬಾಂಗ್ಲಾದೇಶದಿಂದ ಹೋದವರೇ ಬಹಳ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಗಂಡಸರು ಕೊಲ್ಲಿ ದೇಶಗಳಲ್ಲಿ ದುಡೀತಾರೆ.

ಅಲ್ಲಿ ಕಫಾಲಾ ಎಂಬ ಪದ್ಧತಿ ಇತ್ತು. ಕೆಲಸಗಾರ ಧಣಿಯ ಕೈಯಲ್ಲಿ. ಧಣಿ ಒಪ್ಪದೆ ಬೇರೆ ಕೆಲಸಕ್ಕೆ ಸೇರುವಂತಿಲ್ಲ. ಊರಿಗೂ ಬರುವಂತಿಲ್ಲ. ಏಜೆಂಟರಿಗೆ ಕೊಡಲು ಸಾಲ ಮಾಡಿ ಹೋದವರು ಬಿಸಿಲಲ್ಲಿ ಬೆಂದರು. ಕೆಲವರಿಗೆ ಕೂಲಿಯೂ ಸರಿಯಾಗಿ ಸಿಗಲಿಲ್ಲ.

ಎಷ್ಟೋ ಜನ ಸತ್ತರು. ಎಷ್ಟು ಜನ? ಸಂಘಟಕರು ಮೊದಲು ಹೇಳಿದ್ದು, ಕ್ರೀಡಾಂಗಣದ ಕೆಲಸದಿಂದಲೇ ಸತ್ತವರು 3 ಜನ ಎಂದು. 2022ರ ನವೆಂಬರ್‌ನಲ್ಲಿ ಸಮಿತಿಯ ಪ್ರಧಾನ ಕಾರ್ಯದರ್ಶಿಯೇ 400ರಿಂದ 500 ಅಂದರು. ಅದು ಇಡೀ ದೇಶದ ಎಲ್ಲ ಕೆಲಸದ ಲೆಕ್ಕ ಎಂದು ಸಮಿತಿ ಆಮೇಲೆ ಹೇಳಿತು. ಬಹಳ ಸಾವುಗಳಿಗೆ "ಸಹಜ ಸಾವು" ಎಂದಷ್ಟೇ ಬರೆದರು. ಸರಿಯಾದ ಕಾರಣ ಹುಡುಕಲಿಲ್ಲ. ಕಾರಣ ಬರೆಯದಿದ್ದರೆ ಪರಿಹಾರ ಎಲ್ಲಿಂದ ಬರಬೇಕು? ಮನೆಯ ಹೆಂಗಸಿನ ಕೈಗೆ ಉಳಿದದ್ದು ಸಾಲ.

ಬದಲಾವಣೆ ಬಂತು

ಕೂಲಿಗಾರರ ಸಂಘಗಳು ಲೋಕದ ತುಂಬ ದನಿ ಎತ್ತಿದವು. ಕತಾರ್ ಕಾನೂನು ಬದಲಿಸಿತು. 2020ರಿಂದ ಧಣಿಯ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಬಹುದು ಎಂದಾಯಿತು. 2021ರ ಮಾರ್ಚ್‌ನಿಂದ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಸಂಬಳ ಕೊಡಬೇಕು ಎಂದಾಯಿತು. ಇದು ಮನೆಗೆಲಸದ ಹೆಂಗಸರಿಗೂ ಸಲ್ಲುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರವರೆಗೆ ಬಿಸಿಲಲ್ಲಿ ದುಡಿಸಬಾರದು ಎಂದಾಯಿತು. ಆದರೆ ಕಾನೂನು ಬಂದ ಮಾತ್ರಕ್ಕೆ ಎಲ್ಲರಿಗೂ ನ್ಯಾಯ ಸಿಗಲಿಲ್ಲ. ಅದನ್ನು ಕೇಳಿ ಪಡೆಯಬೇಕು. ಕೇಳಬೇಕಾದರೆ ತಿಳಿದಿರಬೇಕು.

ಸೀಟಿ ಊದಿದ ಹೆಣ್ಣು

ಗಂಡಸರ ವಿಶ್ವಕಪ್ ಶುರುವಾದದ್ದು 1930ರಲ್ಲಿ. 92 ವರ್ಷ ಒಬ್ಬ ಹೆಂಗಸೂ ಅಲ್ಲಿ ಮುಖ್ಯ ರೆಫರಿ ಆಗಿರಲಿಲ್ಲ. 2022ರ ಡಿಸೆಂಬರ್ 1ರಂದು ಜರ್ಮನಿ ಮತ್ತು ಕೋಸ್ಟರಿಕಾ ತಂಡಗಳ ಆಟ. ಫ್ರಾನ್ಸ್ ದೇಶದ ಸ್ತೆಫನಿ ಫ್ರಾಪಾರ್ ಸೀಟಿ ಹಿಡಿದು ಇಳಿದರು. ಗೆರೆ ಕಾಯುವ ಇಬ್ಬರೂ ಹೆಂಗಸರೇ. 22 ಗಂಡಸರು ಅವರ ಮಾತು ಕೇಳಿ ಆಡಿದರು!

ಕೊನೆಯ ಆಟದಲ್ಲಿ ಅರ್ಜೆಂಟೀನಾ ತಂಡ ಫ್ರಾನ್ಸನ್ನು ಸೋಲಿಸಿ ಕಪ್ ಗೆದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ರೀಡಾಂಗಣ ಕಟ್ಟಿದವರ ಹೆಸರು ಯಾರೂ ಕೂಗಲಿಲ್ಲ. ನಾವಾದರೂ ನೆನೆಯೋಣ.

ನಾವೇನು ಕಲಿತೆವು?

ನಮ್ಮ ಮನೆಯವರು ಹೊರ ದೇಶಕ್ಕೆ ದುಡಿಯಲು ಹೊರಟರೆ ಇವನ್ನು ನೋಡೋಣ:

1. ಏಜೆಂಟ್ ಸರ್ಕಾರದಲ್ಲಿ ನೋಂದಣಿ ಆದವನೇ? ಕೇಳೋಣ.
2. ಪ್ರವಾಸದ ವೀಸಾದಲ್ಲಿ ಕೆಲಸಕ್ಕೆ ಕಳಿಸುತ್ತೇವೆ ಅಂದರೆ ಒಪ್ಪೋದು ಬೇಡ.
3. ಕರಾರು ಪತ್ರ ಓದಿಸಿ ಕೇಳೋಣ. ಸಂಬಳ ಎಷ್ಟು? ಊಟ, ವಸತಿ ಯಾರದು?
4. ಕರಾರು, ಪಾಸ್‌ಪೋರ್ಟ್, ವೀಸಾ ಇವುಗಳ ನಕಲು ಮನೆಯಲ್ಲಿ ಇಡೋಣ.
5. ಕೊಟ್ಟ ಹಣಕ್ಕೆ ರಸೀದಿ ಪಡೆಯೋಣ.
6. ಪಾಸ್‌ಪೋರ್ಟ್ ಕೆಲಸಗಾರನ ಹತ್ತಿರವೇ ಇರಬೇಕು. ಧಣಿ ಇಟ್ಟುಕೊಳ್ಳೋದು ಕತಾರ್‌ನಲ್ಲೂ ತಪ್ಪು.
7. ಕಷ್ಟ ಬಂದರೆ ಆ ದೇಶದ ಭಾರತದ ರಾಯಭಾರ ಕಚೇರಿಗೆ ಹೇಳಬೇಕು.

ನಿನ್ನೆವರೆಗೆ ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಓದಲು ಬರ್ತದೆ. ಓದಿ ನೋಡಿ ಆಮೇಲೆ ಸಹಿ ಹಾಕೋಣ, ಹಾಕಿಸೋಣ.

ಕೂಡಿ ಮಾತಾಡೋಣ

ಜಾತ್ರೆಗೂ ವಿಶ್ವಕಪ್‌ಗೂ ಯಾವ ಕೆಲಸಗಳು ಒಂದೇ?
ನಮ್ಮೂರಿಂದ ಯಾರು ಹೊರಗೆ ದುಡಿಯಲು ಹೋಗಿದ್ದಾರೆ? ಅವರ ಕಾಗದಪತ್ರಗಳ ನಕಲು ಮನೆಯಲ್ಲಿದೆಯೇ?
ಸಾವಿನ ಕಾರಣವನ್ನು ಸರಿಯಾಗಿ ಬರೆಯೋದು ಯಾಕೆ ಮುಖ್ಯ?