ಕನ್ನವೆಂದರೆ ಯಾವುದು?

ಅಡಿಕೆ ಕಳವಾದರೆ 'ಕನ್ನ ಹಾಕಿದರು' ಎನ್ನುವುದು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ವಾಡಿಕೆಯ ಮಾತು. ಕಾನೂನಿನ ಲೆಕ್ಕ ಬೇರೆ. 1860ರ ದಂಡ ಸಂಹಿತೆಯ 445ನೇ ಕಲಮಿನ ಜಾಗದಲ್ಲಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಮು ಬಂದಿದೆ. ವ್ಯಾಖ್ಯೆ ಮಾತ್ರ ಹಾಗೆಯೇ ಉಳಿದಿದೆ.

ಕನ್ನಕ್ಕೆ ಕಟ್ಟಡ ಬೇಕು. ವಾಸದ ಮನೆಯೇ ಆಗಬೇಕೆಂದಿಲ್ಲ. ಮಾಲು ಕಾಪಿಡುವ ಉಗ್ರಾಣವೂ ಸಾಕು. ಗೋಡೆ ಕೊರೆದು, ಹಂಚು ತೆಗೆದು, ಬೀಗ ಮುರಿದು, ಬಾಗಿಲ ತೂತಿನಲ್ಲಿ ತಂತಿ ತೂರಿಸಿ ಚಿಲಕ ಎತ್ತಿ ಒಳಹೊಕ್ಕರೆ ಕನ್ನವೇ. ನೀವು ಕಳೆದುಕೊಂಡ ಕೀಲಿಕೈಯಿಂದ ತೆರೆದರೂ ಕನ್ನವೇ. (ಕೀಲಿಕೈಯನ್ನು ಬಾಗಿಲ ಮೇಲಿನ ಗೂಡಿನಲ್ಲಿಡುವ ಪದ್ಧತಿ ಬಿಟ್ಟರೆ ಒಳ್ಳೆಯದು.) ಕೊರೆದ ಕಂಡಿಯಲ್ಲಿ ಕೈಯಷ್ಟೇ ತೂರಿಸಿದರೂ ಒಳಹೊಕ್ಕಂತೆ. ತೆರೆದಿಟ್ಟ ಬಾಗಿಲಲ್ಲಿ ನಡೆದು ಬಂದು, ಹಾಗೆಯೇ ಹೋದವನದು ಅತಿಕ್ರಮ ಪ್ರವೇಶ ಮತ್ತು ಕಳವು, ಕನ್ನವಲ್ಲ.

ಬಯಲು ಕಣದಲ್ಲಿ ಹರಡಿದ ಅಡಿಕೆ, ಕಾಫಿ, ಮರದಿಂದ ಕೊಯ್ದೊಯ್ದ ಗೊನೆ, ಇವೆಲ್ಲ ಬರಿಯ ಕಳವು. ಸಜೆ ಮೂರು ವರ್ಷದವರೆಗೆ. ಕಳವಿಗೆಂದು ಕನ್ನ ಹಾಕಿದರೆ ಹಗಲಿನಲ್ಲಿ 10, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ 14 ವರ್ಷದವರೆಗೆ. ಆದ್ದರಿಂದ ಮುರಿದ ಬೀಗ ಕಂಡರೆ ಮುಟ್ಟಬೇಡಿ. ಮಹಜರು ಆಗುವ ತನಕ ಅಲ್ಲಿಯೇ ಇರಲಿ. ಹಿಂದಿನ ಸಂಜೆ ಬೀಗ ಹಾಕಿದವರಾರು, ಎಷ್ಟು ಹೊತ್ತಿಗೆ, ಒಳಗಿದ್ದ ಮೂಟೆ ಎಷ್ಟು ಎಂಬುದನ್ನು ಫಿರ್ಯಾದಿನಲ್ಲಿ ಬರೆಸಿ.