ಮೇಳಕ್ಕೆ ಹೊರಟ ಹೋರಿ

ನವೆಂಬರಿನಲ್ಲಿ ಬೆಂಗಳೂರಿನ ಜಿಕೆವಿಕೆ ಕೃಷಿಮೇಳಕ್ಕೋ, ಇನ್ನಾವುದೋ ದೊಡ್ಡ ಮೇಳಕ್ಕೋ ನಿಮ್ಮ ಹಳ್ಳಿಕಾರ್ ಹೋರಿಯನ್ನು ಕರೆದೊಯ್ಯುವ ಆಸೆಯಿದೆಯೇ? ಕೊಂಬಿಗೆ ಎಣ್ಣೆ ಹಚ್ಚುವ ಮೊದಲು ಲಸಿಕೆಯ ಲೆಕ್ಕ ನೋಡಿ. ಕಾಲುಬಾಯಿ ಜ್ವರದ ಲಸಿಕೆ ಮೈಗೆ ಹಿಡಿಯಲು ಎರಡು ಮೂರು ವಾರ ಬೇಕು. ಹೊರಡುವ ಹಿಂದಿನ ದಿನ ಚುಚ್ಚಿಸಿದರೆ ಉಪಯೋಗವಿಲ್ಲ.

ಇನ್ನೊಂದು, ನೀರು. ಒಮ್ಮೆ ಒಂದು ಮೇಳದಲ್ಲಿ ನಮ್ಮ ಹೋರಿ ತೊಟ್ಟಿಯ ನೀರನ್ನು ಮೂಸಿ, ಮುಖ ತಿರುಗಿಸಿ ನಿಂತುಬಿಟ್ಟಿತು. ಸಂಜೆಯಾದರೂ ಒಂದು ಗುಟುಕು ಇಲ್ಲ. ಪಕ್ಕದಲ್ಲಿ ಎತ್ತು ಕಟ್ಟಿದ್ದ ಅಜ್ಜ ಬಕೆಟ್ಟಿಗೆ ಎರಡು ಹಿಡಿ ಬೂಸಾ ಕದಡಿ ಇಟ್ಟ ಮೇಲೆಯೇ ಬಾಯಿ ಹಾಕಿದ್ದು. ಅಂದಿನಿಂದ ಮನೆಯ ಬೂಸಾ, ಮನೆಯ ಬಕೆಟ್ ಎರಡೂ ನಮ್ಮ ಜತೆ ಟೆಂಪೊ ಹತ್ತುತ್ತವೆ.

ಮೈಕಿನ ಸದ್ದಿಗೆ ಬೆದರದಂತೆ ತಿಂಗಳ ಮುಂಚೆಯೇ ಸಂತೆಬೀದಿಯಲ್ಲಿ ನಡೆಸಿ. ತೀರ್ಪುಗಾರರು ನಡಿಗೆ ನೋಡುತ್ತಾರೆ, ತುಟಿ ಸರಿಸಿ ಹಲ್ಲು ಎಣಿಸುತ್ತಾರೆ. ಹೊರಗಿನವರ ಕೈ ಬಾಯಿಗೆ ತಾಗಿದರೆ ಹೋರಿ ಕೊಸರಾಡಬಾರದು. ಗೆಜ್ಜೆ, ಝೂಲು ಹೊಳೆದರೆ ಸಾಕೆನ್ನುವುದು ನಮ್ಮ ಭ್ರಮೆಯಷ್ಟೇ.

ಬಹುಮಾನ ಬರಲಿ ಬಿಡಲಿ, ಊರಿಗೆ ಮರಳಿದ ಮೇಲೆ ಮೂರು ವಾರ ಹೋರಿಯನ್ನು ಉಳಿದ ದನಗಳ ಕೊಟ್ಟಿಗೆಗೆ ಸೇರಿಸಬೇಡಿ, ದೂರವೇ ಕಟ್ಟಿ.